ಎರೆ ಮಣ್ಣಿನಡಿ ಸುರಂಗ: ಮೇಲಿನ ನೆಲ ಎಷ್ಟು ಇಳಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬಗೆ

ಹಳೇ ಹುಬ್ಬಳ್ಳಿಯ ಒಂದು ಓಣಿ. ರಸ್ತೆ ಅಗೆಯದೆ ನೆಲದಡಿ ಸುರಂಗ ಕೊರೆಯುತ್ತ ಪೈಪ್ ತಳ್ಳುವ ಕೆಲಸ ಶುರುವಾಗಬೇಕಿತ್ತು. ಅದಕ್ಕೂ ಮುಂಚೆ ಅಕ್ಕಪಕ್ಕದ ಮನೆಗಳ ಬಿರುಕುಗಳನ್ನು ಬರೆದುಕೊಳ್ಳಲು ಹೋಗಿದ್ದೆ. ಒಂದು ಮನೆಯ ಅಜ್ಜಿ ಪಡಸಾಲೆಯ ಗೋಡೆ ತೋರಿಸಿದರು. ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕು. ನನ್ನ ಕಿರುಬೆರಳಿನ ಉಗುರು ಒಳಗೆ ಹೋಗುವಷ್ಟು ಅಗಲ.

"ತಮ್ಮಾ, ಇದು ಬ್ಯಾಸಗ್ಯಾಗ ಬಾಯಿ ತಗೀತೈತಿ, ಮಳಿ ಬಿದ್ದ ಮ್ಯಾಲ ಮುಚ್ಕೋತೈತಿ. ನಿಮ್ಮ ಪೈಪ್ ಬಂದ ಮ್ಯಾಲ ಇದನ್ನ ಯಾರ ಲೆಕ್ಕಕ್ಕ ಬರೀತೀರಿ?"

ಆಗ ನನ್ನ ಬಳಿ ಉತ್ತರ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಮಾಡೆಲ್ ಇತ್ತು. ಆದರೆ ಅದರೊಳಗಿನ ನೆಲ ಸುರಂಗ ಬರುವ ತನಕ ಅಲ್ಲಾಡದೆ ಸುಮ್ನೆ ಕೂತಿತ್ತು. ನಮ್ಮ ಎರೆ ನೆಲ ಹಾಗೆ ಕೂರುವುದಿಲ್ಲ ಅಲ್ವಾ? ಸಿವಿಲ್ ಕೊನೆ ವರ್ಷದವರು, ಎಂ.ಟೆಕ್ ಮಾಡುವವರು, ಕನ್ಸಲ್ಟನ್ಸಿಗೆ ಹೊಸದಾಗಿ ಸೇರಿದವರು ಇಂಥ ಲೆಕ್ಕವನ್ನು ಯಾವ ಸಾಲಿನಲ್ಲಿ ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು: ಜೇಡಿ ಎಲ್ಲಿದೆ, ಎಷ್ಟಿದೆ

ಹುಬ್ಬಳ್ಳಿ, ನವಲಗುಂದ, ಗದಗದ ಕಡೆ ಎರೆ ಅಂದರೆ ಎಲ್ಲರಿಗೂ ಗೊತ್ತು. ಹಿಂಗಾರಿ ಜೋಳ, ಕಡಲೆ, ಹತ್ತಿ ಬೆಳೆಯುವ ಕಪ್ಪು ನೆಲ. ಮಳೆಯಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಇದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಅದರ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ.

ಆದರೆ ಎರೆ ಪಾತಾಳದ ತನಕ ಇರುವುದಿಲ್ಲ. ಬಹಳ ಕಡೆ ಕೆಲವೇ ಮೀಟರ್. ಅದರ ಕೆಳಗೆ ಗರಸು, ಅದರ ಕೆಳಗೆ ಕೊಳೆತ ಕಲ್ಲು, ಆಮೇಲೆ ಗಟ್ಟಿ ಕಲ್ಲು. ಭೂವಿಜ್ಞಾನಿಗಳು ಈ ಕಲ್ಲಿನ ಕುಲಕ್ಕೆ ಧಾರವಾಡದ ಹೆಸರನ್ನೇ ಇಟ್ಟಿದ್ದಾರೆ. ಧಾರವಾಡ ಊರಿನ ಕಡೆ ಹೋದರೆ ಮಸಾರಿ ಸಿಗುತ್ತದೆ. ಹಾಗಾಗಿ 'ಹುಬ್ಬಳ್ಳಿ ಅಂದರೆ ಎರೆ' ಅಂತ ಇಡೀ ಮಾಡೆಲ್‌ಗೆ ಒಂದೇ ಕಪ್ಪು ಬಣ್ಣ ಬಳಿಯಬೇಡಿ. ಸುರಂಗದ ದಾರಿಯುದ್ದಕ್ಕೂ ಬೋರ್‌ಹೋಲ್ ಹಾಕಿಸಿ. ಸುರಂಗದ ತಳಕ್ಕಿಂತ ಕನಿಷ್ಠ ಎರಡು ವ್ಯಾಸದಷ್ಟು ಕೆಳಗೆ ಹೋಗಲಿ.

ಲ್ಯಾಬಿನಿಂದ ಬೇಕಾದ ಅಂಕಿಗಳು ಹೆಚ್ಚಿಲ್ಲ: ಮಣ್ಣಿನ ತೂಕ, ನೀರಿನ ಅಂಶ, ಲಿಕ್ವಿಡ್ ಲಿಮಿಟ್ ಮತ್ತು ಪ್ಲಾಸ್ಟಿಕ್ ಲಿಮಿಟ್, ಫ್ರೀ ಸ್ವೆಲ್, ಟ್ರೈಆಕ್ಸಿಯಲ್, ಕನ್ಸಾಲಿಡೇಶನ್. ಎಲ್ಲವೂ ಮಣ್ಣಿನ ಪರೀಕ್ಷೆಗಳ ಭಾರತೀಯ ಮಾನಕ ಐಎಸ್ 2720ರ ಬೇರೆ ಬೇರೆ ಭಾಗಗಳಲ್ಲಿವೆ. ಒಂದು ಎಚ್ಚರ. ಎರೆಯ ಸ್ಯಾಂಪಲ್ ಮುರಿದು ನೋಡಿ. ಒಳಗೆ ಎಣ್ಣೆ ಸವರಿದಂತೆ ಹೊಳೆಯುವ ಜಾರು ಮುಖಗಳು ಕಾಣುತ್ತವೆ. ವರ್ಷವರ್ಷ ಉಬ್ಬಿ ಕುಗ್ಗಿ ಮಣ್ಣು ತನ್ನೊಳಗೇ ತಿಕ್ಕಾಡಿದ ಗುರುತು ಅದು. 38 ಮಿ.ಮೀ. ಅಗಲದ ಸಣ್ಣ ಸ್ಯಾಂಪಲ್‌ನಲ್ಲಿ ಆ ಮುಖ ಸಿಗದೇ ಹೋಗಬಹುದು. ಆಗ ಲ್ಯಾಬ್ ಹೇಳುವ ಬಲ ನೆಲದ ನಿಜವಾದ ಬಲಕ್ಕಿಂತ ಜಾಸ್ತಿ ಬರುತ್ತದೆ. ಇನ್ನೊಂದು, ಮೇ ತಿಂಗಳಲ್ಲಿ ತೆಗೆದ ಮೇಲ್ಪದರದ ಸ್ಯಾಂಪಲ್ ಇಟ್ಟಿಗೆಯಂತಿರುತ್ತದೆ. ಅದೇ ಜಾಗದಲ್ಲಿ ಸೆಪ್ಟೆಂಬರಿನಲ್ಲಿ ತೆಗೆದದ್ದು ಹೂರಣದಂತೆ. ರಿಪೋರ್ಟಿನಲ್ಲಿ ತಿಂಗಳು ಬರೆದಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ.

ಎರಡನೆಯದು: ಸಾಫ್ಟ್‌ವೇರ್ ತೆಗೆಯಬೇಡಿ, ಎಕ್ಸೆಲ್ ತೆಗೆಯಿರಿ

ಸುರಂಗ ಕೊರೆಯುವಾಗ ಅದರ ಗಾತ್ರಕ್ಕಿಂತ ತುಸು ಜಾಸ್ತಿ ಮಣ್ಣು ಹೊರಬರುತ್ತದೆ. ಮುಖದ, ಅಂದರೆ ಕೊರೆಯುತ್ತಿರುವ ಮುಂತುದಿಯ ಕಡೆಯಿಂದ ಮಣ್ಣು ಒಳಕ್ಕೆ ಜರುಗುತ್ತದೆ, ಯಂತ್ರದ ಮೈಗೂ ಮಣ್ಣಿಗೂ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ, ಲೈನಿಂಗ್ (ಸುರಂಗದ ಒಳಗೋಡೆ) ಹಿಂದಿನ ಜಾಗ ಗ್ರೌಟ್ ತುಂಬುವ ಮೊದಲೇ ಕುಗ್ಗುತ್ತದೆ. ಹೀಗೆ ಹೆಚ್ಚಾಗಿ ಬಂದ ಮಣ್ಣನ್ನು ಸುರಂಗದ ಗಾತ್ರದ ಶೇಕಡಾ ಲೆಕ್ಕದಲ್ಲಿ ಹೇಳಿದರೆ ಅದೇ ವಾಲ್ಯೂಮ್ ಲಾಸ್. ಜೇಡಿಯಲ್ಲಿ ನೀರು ತಕ್ಷಣ ಹೊರಗೆ ಹೋಗಲಾರದು, ಗಾತ್ರ ಬದಲಾಗಲಾರದು. ಆದ್ದರಿಂದ ಕೆಳಗೆ ಎಷ್ಟು ಕಳೆಯಿತೋ ಮೇಲೆ ಅಷ್ಟೇ ಗಾತ್ರದ ತಗ್ಗು ಬೀಳುತ್ತದೆ.

ಆ ತಗ್ಗಿನ ಆಕಾರವನ್ನು 1969ರಲ್ಲಿ ಮೆಕ್ಸಿಕೋ ಸಿಟಿಯ ಸಮ್ಮೇಳನದಲ್ಲಿ ಪೆಕ್ ಹೇಳಿದರು: ತಲೆಕೆಳಗಾದ ಗಂಟೆ. ಸಂಖ್ಯಾಶಾಸ್ತ್ರದ ನಾರ್ಮಲ್ ಕರ್ವ್ ಅನ್ನು ಬೋರಲು ಹಾಕಿದಂತೆ. ನಡುಗೆರೆಯಿಂದ ಕರ್ವ್ ತಿರುವು ಬದಲಿಸುವ ಜಾಗಕ್ಕೆ ಇರುವ ದೂರವನ್ನು 'ಐ' ಅನ್ನುತ್ತೇವೆ. 1982ರಲ್ಲಿ ಓ'ರೈಲಿ ಮತ್ತು ನ್ಯೂ ಇದನ್ನು ಸರಳ ಮಾಡಿದರು: ಐ ಅಂದರೆ ಸುರಂಗದ ನಡುವಿನ ಆಳವನ್ನು 'ಕೆ' ಎಂಬ ಅಂಕಿಯಿಂದ ಗುಣಿಸಿದ್ದು. ಜೇಡಿಗೆ ಕೆ ಸುಮಾರು 0.5. ಗಟ್ಟಿ ಜೇಡಿಗೆ 0.4, ಬಹಳ ಮೆತ್ತಗಿದ್ದರೆ 0.7ರ ತನಕ. ಮರಳಿಗೆ 0.25ರಿಂದ 0.35.

ಈಗ ಲೆಕ್ಕ. 3 ಮೀಟರ್ ವ್ಯಾಸದ ಸುರಂಗ, ನಡು ಆಳ 12 ಮೀಟರ್, ವಾಲ್ಯೂಮ್ ಲಾಸ್ ಶೇ. 1.5. ಮೇಲಿಂದ ಕೆಳತನಕ ಜೇಡಿಯೇ ಇದೆ ಅಂತ ಸದ್ಯಕ್ಕೆ ಹಿಡಿಯೋಣ.

ಸುರಂಗದ ಅಡ್ಡಕೊಯ್ತ 7.07 ಚದರ ಮೀಟರ್. ಅದರ ಶೇ. 1.5 ಅಂದರೆ, ಒಂದು ಮೀಟರ್ ಉದ್ದಕ್ಕೆ 0.106 ಘನ ಮೀಟರ್ ತಗ್ಗು. ಐ = 0.5 × 12 = 6 ಮೀಟರ್. ನಡುವಿನ ಗರಿಷ್ಠ ಇಳಿತ = 0.106 ÷ (2.5 × 6); ಈ 2.5 ನಾರ್ಮಲ್ ಕರ್ವಿನಿಂದ ಬರುವ ಸ್ಥಿರ ಅಂಕಿ. ಸುಮಾರು 7 ಮಿ.ಮೀ.

6 ಮೀಟರ್ ದೂರದಲ್ಲಿ ಇಳಿತ ಶೇ. 61ಕ್ಕೆ, ಅಂದರೆ 4.3 ಮಿ.ಮೀ.ಗೆ ಬರುತ್ತದೆ. 12 ಮೀಟರಿನಲ್ಲಿ 1 ಮಿ.ಮೀ. ಒಳಗೆ. 18 ಮೀಟರ್ ದಾಟಿದರೆ ಏನೂ ಇಲ್ಲ ಅನ್ನಬಹುದು. ಅತಿ ಹೆಚ್ಚಿನ ಇಳಿಜಾರು ಐ ಇರುವಲ್ಲೇ, ಸುಮಾರು 1400ಕ್ಕೆ 1. ಇಳಿತ 10 ಮಿ.ಮೀ. ಒಳಗೆ, ಇಳಿಜಾರು 500ಕ್ಕೆ 1ರ ಒಳಗೆ ಇದ್ದರೆ ಸಾಮಾನ್ಯ ಕಟ್ಟಡಕ್ಕೆ ತೊಂದರೆ ತೀರಾ ಕಡಿಮೆ ಅನ್ನುವುದು ಬಹುತೇಕ ಯೋಜನೆಗಳಲ್ಲಿ ಬಳಸುವ ಮೊದಲ ಜರಡಿ.

ಈಗ ನಮ್ಮ ನೆಲ ಹಾಕಿ ನೋಡಿ. ಮೇಲೆ 3 ಮೀಟರ್ ಎರೆ, ಕೆಳಗೆ ಸುರಂಗದ ನಡು ತನಕ 9 ಮೀಟರ್ ಗರಸು. ಎರೆಗೆ ಕೆ 0.5, ಗರಸಿಗೆ 0.35 ಹಿಡಿಯಿರಿ. ಪದರಪದರವಾಗಿ ಕೂಡಿಸಿದರೆ ಐ = 1.5 + 3.15 = 4.65 ಮೀಟರ್. ಅದೇ ವಾಲ್ಯೂಮ್ ಲಾಸ್‌ಗೆ ಇಳಿತ 9 ಮಿ.ಮೀ., ಇಳಿಜಾರು ಸುಮಾರು 840ಕ್ಕೆ 1. ತಗ್ಗು ಕಿರಿದಾಯಿತು, ಆಳವಾಯಿತು. ಕೆಳಗೆ ಗರಸು ಇದೆ, ಚಿಂತೆಯಿಲ್ಲ ಅಂತ ಕೈತೊಳೆದುಕೊಳ್ಳುವವರಿಗೆ ಈ ಎರಡು ಸಾಲು ತೋರಿಸಿ. ಗರಸಿನಲ್ಲಿ ವಾಲ್ಯೂಮ್ ಲಾಸ್ ಕಡಿಮೆ ಬಂದರೆ ಒಳ್ಳೆಯದೇ. ಆದರೆ ಅದನ್ನು ಬೇರೆಯಾಗಿ ಸಮರ್ಥಿಸಬೇಕು.

ಮೂರನೆಯದು: ವಾಲ್ಯೂಮ್ ಲಾಸ್ ಎಷ್ಟು ಹಿಡಿಯಬೇಕು?

ಇಡೀ ಲೆಕ್ಕ ನಿಂತಿರುವುದು ಈ ಒಂದು ಅಂಕಿಯ ಮೇಲೆ. ಇದು ಮಣ್ಣಿನ ಗುಣವಷ್ಟೇ ಅಲ್ಲ, ಕೆಲಸಗಾರನ ಕೈಗುಣವೂ ಹೌದು. ಮುಖಕ್ಕೆ ಒತ್ತಡ ಕೊಡುವ ಒಳ್ಳೆಯ ಟಿಬಿಎಂ (ಸುರಂಗ ಕೊರೆಯುವ ಯಂತ್ರ), ಅನುಭವಿ ಆಪರೇಟರ್ ಇದ್ದರೆ ಶೇ. 1ರ ಒಳಗೆ ಬರುತ್ತದೆ. ಲಂಡನ್ ಜೇಡಿಯಲ್ಲಿ ಮುಖ ತೆರೆದಿಟ್ಟು ಕೊರೆದಾಗ ಶೇ. 1ರಿಂದ 2 ಸಾಮಾನ್ಯ. ಅದೇ ಲಂಡನ್‌ನಲ್ಲಿ 1990ರ ದಶಕದ ಜುಬಿಲಿ ಲೈನ್ ಕೆಲಸದಲ್ಲಿ, ಸೇಂಟ್ ಜೇಮ್ಸ್ ಪಾರ್ಕಿನ ಕೆಳಗೆ ಶೇ. 3 ದಾಟಿತ್ತು. ಊರು ಅದೇ, ಜೇಡಿ ಅದೇ, ಅಂಕಿ ಎರಡು ಪಟ್ಟು.

ಹಾಗಾಗಿ ಒಂದು ಅಂಕಿ ಹಿಡಿದು ಕೂರಬೇಡಿ. ಶೇ. 1, 1.5, 3 ಮೂರಕ್ಕೂ ಕರ್ವ್ ಬಿಡಿಸಿ. ಇಳಿತ ನೇರ ಅನುಪಾತದಲ್ಲಿ ಏರುತ್ತದೆ: ಲಾಸ್ ಎರಡು ಪಟ್ಟಾದರೆ 7 ಮಿ.ಮೀ. 14 ಆಗುತ್ತದೆ.

ಜೊತೆಗೆ ಮುಖ ನಿಲ್ಲುತ್ತದೋ ಇಲ್ಲವೋ ನೋಡಿ. ಬ್ರಾಮ್ಸ್ ಮತ್ತು ಬೆನ್ನರ್‌ಮಾರ್ಕ್ 1967ರಲ್ಲಿ ಕೊಟ್ಟ ಸ್ಟೆಬಿಲಿಟಿ ನಂಬರ್ ಸಾಕು: ಸುರಂಗದ ನಡುವಿನಲ್ಲಿ ಮೇಲಿನ ಮಣ್ಣಿನ ಒತ್ತಡಕ್ಕೆ ರಸ್ತೆಯ ಭಾರ ಕೂಡಿಸಿ, ಮುಖಕ್ಕೆ ಕೊಟ್ಟ ಒತ್ತಡ ಕಳೆದು, ಜೇಡಿಯ ಅನ್‌ಡ್ರೇನ್ಡ್ ಬಲದಿಂದ (ನೀರು ಹೊರಹೋಗಲು ಸಮಯವಿಲ್ಲದಾಗ ಇರುವ ಬಲ) ಭಾಗಿಸಿ. ಘನ ಮೀಟರಿಗೆ 18 ಕಿಲೋನ್ಯೂಟನ್ ಮಣ್ಣು, 12 ಮೀಟರ್: 216. ರಸ್ತೆಗೆ 20. ಒಟ್ಟು 236 ಕಿಲೋಪ್ಯಾಸ್ಕಲ್. ಜೇಡಿಯ ಬಲ 60 ಇದ್ದರೆ ನಂಬರ್ 3.9. ಬಲ 40ಕ್ಕೆ ಇಳಿದರೆ 5.9. 6ರ ಹತ್ತಿರ ಬಂತೆಂದರೆ ಮುಖ ಕುಸಿಯುವ ಹೊಸ್ತಿಲಲ್ಲಿದೆ ಅಂತ ಅರ್ಥ. ಅಲ್ಲಿ ಇಳಿತದ ಲೆಕ್ಕ ಮಾಡುವುದೇ ವ್ಯರ್ಥ, ಮುಖಕ್ಕೆ ಒತ್ತಡ ಕೊಡುವ ಮಾತಾಡಬೇಕು. 100 ಕಿಲೋಪ್ಯಾಸ್ಕಲ್ ಕೊಟ್ಟರೆ 3.4ಕ್ಕೆ ಇಳಿಯುತ್ತದೆ.

ನಾಲ್ಕನೆಯದು: ಈಗ ಮಾಡೆಲ್

ಪ್ಲ್ಯಾಕ್ಸಿಸ್, ಮಿಡಾಸ್, ಫ್ಲ್ಯಾಕ್, ಕೈಗೆ ಸಿಕ್ಕ ಸಾಫ್ಟ್‌ವೇರ್ ಬಳಸಿ. ಹೆಜ್ಜೆಗಳು ಒಂದೇ. ನಮ್ಮ ಮೊದಲ ಉದಾಹರಣೆಗೆ ಎಡಬಲ ಒಂದೇ ತರ ಇರುವುದರಿಂದ ಅರ್ಧ ಮಾಡೆಲ್ ಸಾಕು. ಅಗಲ 60 ಮೀಟರ್, ಆಳ 30 ಮೀಟರ್. ಪಕ್ಕದ ಗಡಿಗಳು ಮೇಲೆ ಕೆಳಗೆ ಮಾತ್ರ ಜರುಗಲಿ, ತಳ ಅಲ್ಲಾಡದಿರಲಿ.

ಮೊದಲ ಹಂತದಲ್ಲಿ ನೆಲದ ಮೂಲ ಒತ್ತಡ ಕೂರಿಸಿ. ಇಲ್ಲಿ ಅಡ್ಡ ಒತ್ತಡಕ್ಕೂ ಲಂಬ ಒತ್ತಡಕ್ಕೂ ಇರುವ ಅನುಪಾತ, ಅಂದರೆ ಕೆ ಸೊನ್ನೆ, ಬೇಕು. ಅದಕ್ಕೂ ಮೇಲಿನ ಕೆಗೂ ಸಂಬಂಧವಿಲ್ಲ, ಗೊಂದಲ ಮಾಡಿಕೊಳ್ಳಬೇಡಿ. ಎಳೆ ಜೇಡಿಗೆ ಒಂದರಿಂದ ಘರ್ಷಣೆ ಕೋನದ ಸೈನ್ ಕಳೆದರೆ ಸಾಕು. ಒಣಗಿ ನೆನೆದು ಗಟ್ಟಿಯಾದ ಎರೆಯ ಮೇಲ್ಪದರದಲ್ಲಿ ಅದು 1 ದಾಟಬಹುದು.

ಎರಡನೇ ಹಂತದಲ್ಲಿ ರಸ್ತೆ, ಮನೆಗಳ ಭಾರ. ಅದಾದ ಮೇಲೆ ಜರುಗಿದ್ದನ್ನೆಲ್ಲ ಸೊನ್ನೆ ಮಾಡಿ. ಇದನ್ನು ಮರೆತು, ನೂರು ವರ್ಷದ ಹಿಂದೆ ಮನೆ ಕಟ್ಟಿದಾಗ ಆದ ಇಳಿತವನ್ನೂ ಸುರಂಗದ ತಲೆಗೆ ಕಟ್ಟಿದ ರಿಪೋರ್ಟ್ ನಾನು ನೋಡಿದ್ದೇನೆ. ಮೂರನೇ ಹಂತದಲ್ಲಿ ಸುರಂಗದೊಳಗಿನ ಮಣ್ಣು ತೆಗೆದು, ಲೈನಿಂಗ್ ಹಾಕಿ, ಬೇಕಾದ ವಾಲ್ಯೂಮ್ ಲಾಸ್ ಬರುವಷ್ಟು ಕಾಂಟ್ರಾಕ್ಷನ್ ಕೊಡಿ, ಅಂದರೆ ಲೈನಿಂಗ್ ಕುಗ್ಗಿಸಿ. ಜೇಡಿಯನ್ನು ಅನ್‌ಡ್ರೇನ್ಡ್ ಅಂತ ಗುರುತು ಮಾಡಿ. ಕೊನೆಗೆ ಕನ್ಸಾಲಿಡೇಶನ್ ಹಂತ, ಅಂದರೆ ನೀರು ನಿಧಾನವಾಗಿ ಹೊರಹೋಗಿ ಮಣ್ಣು ಕೂರುವುದು.

ರನ್ ಆದ ಕೂಡಲೇ ಬಣ್ಣದ ಚಿತ್ರ ನೋಡಿ ಖುಷಿಪಡಬೇಡಿ. ಮೇಲ್ಮೈ ಇಳಿತವನ್ನು ಎಕ್ಸೆಲ್‌ಗೆ ತನ್ನಿ. ಕರ್ವಿನ ಕೆಳಗಿನ ಗಾತ್ರ ಕೂಡಿಸಿ. ಅರ್ಧ ಮಾಡೆಲ್ ಆದ್ದರಿಂದ 0.053 ಘನ ಮೀಟರ್ ಬರಬೇಕು. 0.04 ಬಂದರೆ ಎಲ್ಲೋ ತಪ್ಪಿದೆ: ಯಾವುದೋ ಪದರ ಡ್ರೇನ್ಡ್ ಆಗಿ ಉಳಿದಿರುತ್ತದೆ, ಇಲ್ಲವೇ ಗಡಿ ತೀರಾ ಹತ್ತಿರ ಇರುತ್ತದೆ. ಐದು ನಿಮಿಷದ ಕೆಲಸ. ನನ್ನ ಪ್ರಕಾರ ಇಡೀ ಮಾಡೆಲಿಂಗ್‌ನಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಪರೀಕ್ಷೆ ಬೇರೆ ಇಲ್ಲ. ಆಮೇಲೆ ಮೆಶ್ (ಮಾಡೆಲ್ ಅನ್ನು ತುಂಡುತುಂಡು ಮಾಡಿದ ಬಲೆ) ಇನ್ನಷ್ಟು ಸಣ್ಣ ಮಾಡಿ ಮತ್ತೊಮ್ಮೆ ಓಡಿಸಿ. ಉತ್ತರ ಬದಲಾದರೆ ಮೊದಲನೆಯ ಮೆಶ್ ಸಾಲದಾಗಿತ್ತು.

ತಗ್ಗು ಯಾಕಿಷ್ಟು ಅಗಲ?

ಹೊಸಬರೆಲ್ಲ ಇಲ್ಲಿ ಎಡವುತ್ತಾರೆ. ಮಾಡೆಲ್‌ನ ತಗ್ಗು ಪೆಕ್ ಗಂಟೆಗಿಂತ ಅಗಲವಾಗಿ, ತಟ್ಟೆಯಂತೆ ಬರುತ್ತದೆ. 40 ಮೀಟರ್ ದೂರದಲ್ಲೂ ನೆಲ ಇಳಿದಿರುತ್ತದೆ. ಕೆಲವೊಮ್ಮೆ ಇಡೀ ಸುರಂಗ ಮೇಲಕ್ಕೆ ತೇಲಿ ನೆಲವೇ ಉಬ್ಬಿರುತ್ತದೆ.

ಕಾರಣ ಮೊಹ್ರ್-ಕೂಲಂಬ್, ಮಣ್ಣಿನ ನಡತೆಗೆ ಹೊಸಬರು ಹಾಕುವ ಸರಳ ಮಾಡೆಲ್. ಅದರಲ್ಲಿ ಮಣ್ಣಿನ ಗಡಸುತನ ಒಂದೇ ಅಂಕಿ. ಮಣ್ಣು ತೆಗೆದಾಗ ಭಾರ ಇಳಿಯುತ್ತದೆ, ತಳದ ಮಣ್ಣು ಸ್ಪ್ರಿಂಗಿನಂತೆ ಮೇಲೇಳುತ್ತದೆ. ತಳದ ಗಡಿ ಆಳಕ್ಕೆ ಹೋದಷ್ಟೂ ಸ್ಪ್ರಿಂಗ್ ಉದ್ದವಾಗುತ್ತದೆ, ತೇಲುವುದೂ ಜಾಸ್ತಿ. ನಿಜವಾದ ಜೇಡಿ ಹಾಗಲ್ಲ. ರೊಟ್ಟಿಗೆ ನಾದಿಟ್ಟ ಹಿಟ್ಟನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ. ಮೊದಲು ಬಿಗಿಯಾಗಿರುತ್ತದೆ, ಒತ್ತುತ್ತ ಹೋದಂತೆ ಮೆತ್ತಗಾಗುತ್ತದೆ. ಜೇಡಿಯೂ ತೀರಾ ಸಣ್ಣ ಸ್ಟ್ರೇನ್‌ನಲ್ಲಿ (ಮೂಲ ಅಳತೆಗೆ ಹೋಲಿಸಿದ ವಿರೂಪ) ಹಲವು ಪಟ್ಟು ಗಡಸು. ಸುರಂಗದಿಂದ ದೂರದ ಮಣ್ಣಿಗೆ ಬರುವುದು ಸಣ್ಣ ಸ್ಟ್ರೇನ್ ಮಾತ್ರ, ಹಾಗಾಗಿ ಅದು ಜರುಗುವುದಿಲ್ಲ, ತಗ್ಗು ಕಿರಿದಾಗುತ್ತದೆ. ಇದನ್ನು ಲೆಕ್ಕಕ್ಕೆ ತರುವುದು ಹಾರ್ಡನಿಂಗ್ ಸಾಯಿಲ್ ಸ್ಮಾಲ್ ಮಾಡೆಲ್. ಸಣ್ಣ ಸ್ಟ್ರೇನ್‌ನ ಶಿಯರ್ ಮಾಡ್ಯುಲಸ್ (ಜಾರುವಿಕೆಗೆ ಮಣ್ಣಿನ ಗಡಸುತನ), ಅದು ಶೇ. 70ಕ್ಕೆ ಇಳಿಯುವ ಸ್ಟ್ರೇನ್, ಈ ಎರಡು ಅಂಕಿ ಹೆಚ್ಚಿಗೆ ಬೇಕು. ಮೊದಲನೆಯದನ್ನು ಜಾಗದಲ್ಲೇ ಶಿಯರ್ ವೇವ್ ವೇಗ ಅಳೆದು ಪಡೆಯಬಹುದು. ಎರಡನೆಯದು ಸಾಮಾನ್ಯವಾಗಿ ಹತ್ತು ಸಾವಿರಕ್ಕೆ 1ರಿಂದ 2.

ಇಷ್ಟಾದರೂ ಗಟ್ಟಿ ಜೇಡಿಯಲ್ಲಿ, ಕೆ ಸೊನ್ನೆ ಜಾಸ್ತಿ ಇದ್ದಾಗ, 2ಡಿ ಮಾಡೆಲ್‌ನ ತಗ್ಗು ಸ್ವಲ್ಪ ಅಗಲವಾಗಿಯೇ ಬರುತ್ತದೆ. ಆಗ ಕರ್ವ್ ಹೊಂದಿಸಲೆಂದು ಕೆ ಸೊನ್ನೆಯನ್ನು ಬೇಕಾದಂತೆ ತಿರುಚಬೇಡಿ. ಬಯಲಿನ ಇಳಿತಕ್ಕೆ ಪೆಕ್ ಕರ್ವ್ ನಂಬಿ. ಲೈನಿಂಗ್ ಬಲ, ಪಕ್ಕದ ಪೈಲ್, ಹಳೇ ಬಾವಿ, ಎರಡು ಸುರಂಗಗಳ ಒಡನಾಟ, ಇಂಥವಕ್ಕೆ ಮಾಡೆಲ್ ಬಳಸಿ. ನಾನಂತೂ ಹಾಗೇ ಮಾಡುತ್ತೇನೆ. 3ಡಿ ಸಾಮಾನ್ಯವಾಗಿ ಬೇಕಿಲ್ಲ. ತೆರೆದ ಮುಖದ ಸುರಂಗ ಒಂದು ಜಾಗದ ಕೆಳಗೆ ಬರುವಷ್ಟರಲ್ಲಿ ಅಲ್ಲಿನ ಇಳಿತದ ಸುಮಾರು ಅರ್ಧ ಆಗಿರುತ್ತದೆ ಅನ್ನುವುದು ನೆನಪಿದ್ದರೆ ಸಾಕು.

ಐದನೆಯದು: ಮನೆಗೆ ಏನಾಗುತ್ತದೆ

ಸುರಂಗದ ನೆತ್ತಿಯ ಮೇಲಿನ ಮನೆಗೇ ಜಾಸ್ತಿ ಪೆಟ್ಟು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಹಾಗಲ್ಲ. ಐ ಒಳಗಿನ ನೆಲ ಬೋಗುಣಿಯಂತೆ ತಗ್ಗಾಗುತ್ತದೆ, ನೆಲ ಒಳಕ್ಕೆ ಒತ್ತುತ್ತದೆ. ಐ ಆಚೆಗಿನ ನೆಲ ಎತ್ತಿನ ಬೆನ್ನಿನಂತೆ ಬಾಗುತ್ತದೆ, ಹಿಗ್ಗುತ್ತದೆ. ಗೋಡೆ ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ನಮ್ಮ ಮೊದಲ ಉದಾಹರಣೆಯಲ್ಲಿ ಅತಿ ಹೆಚ್ಚು ಎಳೆತ ನಡುಗೆರೆಯಿಂದ 10.4 ಮೀಟರ್ ದೂರದಲ್ಲಿ ಬರುತ್ತದೆ, ಸುಮಾರು ಶೇ. 0.026. ಬರ್ಲಂಡ್ ಮತ್ತು ಜೊತೆಗಾರರ ಪಟ್ಟಿಯಲ್ಲಿ ಶೇ. 0.05ರ ಒಳಗೆ ಇದ್ದರೆ ಗಣನೆಗೆ ಬಾರದ ಹಾನಿ, 0.075 ತನಕ ಬಹಳ ಸಣ್ಣದು, 0.15 ತನಕ ಸಣ್ಣದು, ಅದರಾಚೆ ರಿಪೇರಿಗೆ ಗೌಂಡಿ ಬೇಕು. ಬಾಗುವಿಕೆಯಿಂದ ಬರುವ ಸ್ಟ್ರೇನ್ ಕೂಡಿಸಿದ ಮೇಲೆ ಈ ಪಟ್ಟಿ ನೋಡಬೇಕು. ವಾಲ್ಯೂಮ್ ಲಾಸ್ ಶೇ. 3 ಆದರೆ ಬರೀ ಎಳೆತವೇ 0.052, ಮೊದಲ ಗೆರೆ ದಾಟಿತು.

ಆ ಪಟ್ಟಿ ಇಟ್ಟಿಗೆ ಕಟ್ಟಡಗಳಿಂದ ಬಂದದ್ದು. ನಮ್ಮ ಹಳೇ ಓಣಿಗಳ ಮಣ್ಣು-ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಮನೆಗಳಿಗೆ ನಾನು ಮಿತಿಯನ್ನು ಅರ್ಧಕ್ಕೆ ಇಳಿಸುತ್ತೇನೆ. ಇದು ಕೋಡ್ ಅಲ್ಲ, ನನ್ನ ಅಂದಾಜು.

ಕೊನೆಯದು: ಅಜ್ಜಿಯ ಪ್ರಶ್ನೆ

ಸುರಂಗದಿಂದ ಬರುವುದು 7 ಮಿ.ಮೀ. ಎರೆ ನೆಲ ಒಂದು ಬೇಸಿಗೆಗೂ ಒಂದು ಮಳೆಗಾಲಕ್ಕೂ ನಡುವೆ ತಾನಾಗಿಯೇ ಕೆಲವು ಸೆಂಟಿಮೀಟರ್ ಏರಿಳಿಯಬಲ್ಲದು. ಮಾರ್ಚಿನಲ್ಲಿ ಮೊದಲ ಅಳತೆ, ಮೇನಲ್ಲಿ ಸುರಂಗ, ಜೂನಿನಲ್ಲಿ ಕೊನೆ ಅಳತೆ. ಹೀಗೆ ಮಾಡಿದರೆ ಯಾವುದು ಸುರಂಗದ್ದು, ಯಾವುದು ಬಿಸಿಲಿನದ್ದು ಅಂತ ದೇವರೂ ಹೇಳಲಾರ. ಮಳೆ ಬಿದ್ದು ನೆಲ ಉಬ್ಬಿದರೆ ಸುರಂಗದ ಇಳಿತವೇ ಕಾಣೆಯಾಗುತ್ತದೆ. ಎಲ್ಲರೂ ಚೆನ್ನಾಗಾಯಿತು ಅನ್ನುತ್ತಾರೆ. ಬಿರುಕು ಕಾಣುವುದು ಮುಂದಿನ ಹೋಳಿ ಹುಣ್ಣಿಮೆ ಹೊತ್ತಿಗೆ.

ಉಬ್ಬರವನ್ನು ಸುರಂಗದ ಮಾಡೆಲ್‌ಗೆ ತುರುಕಲು ಹೋಗಬೇಡಿ. ಅದು ನೀರು ತುಂಬದ ಮಣ್ಣಿನ ಬೇರೆಯದೇ ವಿಜ್ಞಾನ. ಅದನ್ನು ಅಳೆದು ಕಳೆಯುವುದೇ ಸುಲಭ. ಕೆಲಸಕ್ಕೆ ಮುಂಚೆ ಸಾಧ್ಯವಾದರೆ ಒಂದು ಪೂರ್ತಿ ವರ್ಷ, ಇಲ್ಲದಿದ್ದರೆ ಒಂದು ಒಣ, ಒಂದು ಹಸಿ ಕಾಲ ಲೆವೆಲ್ ತೆಗೆಯಿರಿ. ಸುರಂಗದ ತಗ್ಗು ಮುಟ್ಟದ ದೂರದಲ್ಲಿ, ಅದೇ ಎರೆಯ ಮೇಲೆ, ಎರಡು ಮೂರು ಗುರುತುಗಳನ್ನು ಇಟ್ಟುಕೊಳ್ಳಿ. ಅವು ಏರಿಳಿದದ್ದು ಕಾಲದ್ದು. ಉಳಿದ ಗುರುತುಗಳ ಓದಿನಿಂದ ಅದನ್ನು ಕಳೆದರೆ ಸುರಂಗದ್ದು ಉಳಿಯುತ್ತದೆ. ಆ ಉಳಿದದ್ದಕ್ಕೆ ಗಂಟೆ ಹೊಂದಿಸಿ, ನಿಜವಾದ ವಾಲ್ಯೂಮ್ ಲಾಸ್ ಹಿಂದಕ್ಕೆ ತೆಗೆದು, ಮುಂದಿನ 50 ಮೀಟರಿಗೆ ಲೆಕ್ಕ ತಿದ್ದಿಕೊಳ್ಳಿ. ಮರಗಳನ್ನು ಮರೆಯಬೇಡಿ. ದೊಡ್ಡ ಬೇವಿನ ಮರ ಬೇಸಿಗೆಯಲ್ಲಿ ಬುಡದ ನೀರೆಲ್ಲ ಹೀರಿ ತನ್ನದೇ ಒಂದು ತಗ್ಗು ಮಾಡಿರುತ್ತದೆ.

ಬೆಂಚ್‌ಮಾರ್ಕ್ ಕಾಂಪೌಂಡ್ ಗೋಡೆಯ ಮೇಲೆ ಬೇಡ, ಅದೂ ನೆಲದ ಜೊತೆ ಏರಿಳಿಯುತ್ತದೆ. ಎರೆ ನೆಲದಲ್ಲಿ ನೀರಿನ ಅಂಶ ಕಾಲಕ್ಕೆ ತಕ್ಕಂತೆ ಬದಲಾಗುವ ಆಳ ಸುಮಾರು 3.5 ಮೀಟರ್ ಅಂತ ಹಿಡಿದೇ ನಮ್ಮಲ್ಲಿ ಅಂಡರ್‌ರೀಮ್ಡ್ ಪೈಲ್ (ಬುಡದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬ) ಇಳಿಸುವುದು. ಅದನ್ನು ದಾಟಿ ಗಟ್ಟಿ ಗರಸು ಇಲ್ಲವೇ ಕಲ್ಲಿಗೆ ಒಂದು ಸರಳು ಕೂರಿಸಿ. ಮೇಲಿನ ಮಣ್ಣು ತಾಗದಂತೆ ಸುತ್ತ ಪೈಪ್ ಹಾಕಿ.

ಬಿರುಕಿಗೆ ದುಬಾರಿ ಉಪಕರಣ ಬೇಕಿಲ್ಲ. ಅಜ್ಜಿಯ ಗೋಡೆಯಲ್ಲಿ ಬಿರುಕಿನ ಎರಡೂ ಕಡೆ ಒಂದೊಂದು ಸಣ್ಣ ಸ್ಕ್ರೂ ಕೂರಿಸಿದೆ. ನಡುವಿನ ದೂರವನ್ನು ವರ್ನಿಯರ್‌ನಿಂದ ಅಳೆದು, ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಖು ಮತ್ತು ಅಳತೆ ಬರೆದೆ. ಹದಿನೈದು ದಿನಕ್ಕೊಮ್ಮೆ ಹೋದಾಗ ಅದರ ಕೆಳಗೆ ಇನ್ನೊಂದು ಸಾಲು. ಮೂರನೇ ಸಲ ಹೋದಾಗ ನನ್ನ ಸಾಲುಗಳ ಪಕ್ಕ ಬೇರೆ ಕೈಬರಹವಿತ್ತು, ಮೊಮ್ಮಗಳದ್ದು. 'ನಿನ್ನೆ ರಾತ್ರಿ ಜೋರು ಮಳೆ.' ಅಂದಿನಿಂದ ನನ್ನ ಓದುಗಳ ಪಟ್ಟಿಯಲ್ಲಿ ಮಳೆಗೂ ಒಂದು ಕಾಲಂ ಇದೆ.